ಹೆಸರಿಟ್ಟ ದಿನ ಅಳದ ಕೂಸು

ಎಳೆಗೂಸಿಗೆ ಗದ್ದಲದಿಂದ ತ್ರಾಸಾಗುತ್ತದೆ ಎಂದರೆ ಮೊದಲೆಲ್ಲ ನನಗೆ ನಗು ಬರುತ್ತಿತ್ತು. ಹಿಟ್ಟಿನ ಗಿರಣಿಯ ಪಕ್ಕದ ಮನೆಯಲ್ಲಿ ನಾಲ್ಕು ಮಕ್ಕಳನ್ನು ಬೆಳೆಸಿದವಳು ನಾನು. ದೆವ್ವ, ಗಾಳಿ ಅಂತಲೂ ನಂಬಿದವಳಲ್ಲ. ನಾಲ್ಕನೇ ಇಯತ್ತೆ ಓದಿದ್ದೇನೆ; ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ನಂಬುವುದು ನಿಮಗೆ ಬಿಟ್ಟದ್ದು.

ಆರು ವರ್ಷದ ಹಿಂದಿನ ಮಾತು. ಎರಡು ತಿಂಗಳ ಮೊಮ್ಮಗಳಿಗೆ ಹೆಸರಿಡುವ ಕಾರ್ಯ. "ಮನಿಯಾಗ ಸಣ್ಣದಾಗಿ ಮಾಡೂಣ್ರಿ ಅತ್ತಿ" ಎಂದಿದ್ದಳು ಸೊಸೆ ಸುಮಾ. ನಾನೇ ಹಟ ಹಿಡಿದು ಶಿರಸಿಯಲ್ಲಿ ಸಭಾಭವನ ಹಿಡಿಸಿದೆ. ಬನವಾಸಿಯಿಂದ, ಯಲ್ಲಾಪುರದಿಂದ ನೆಂಟರು ಬಂದರು. ಸ್ಪೀಕರ್ ಹಚ್ಚಿದರು. ನಮ್ಮಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ನನ್ನ ಮಗಳು ಗಿರಿಜಾ ಬಗ್ಗಿದ್ದೇ ತಡ, ಹತ್ತು ಜನ ಮುಗಿಬಿದ್ದರು.

"ಮೆತ್ತಗ ಗುದ್ರೇ, ನಾ ಏನ್ ನಿಮ್ಮ ವೈರಿ ಏನು!" ಎಂದು ಗಿರಿಜಾ ಕೂಗಿದಳು.

"ನನ್ನ ಪಾಳಿ ಬಂದಾಗ ನೀ ಗುದ್ದಿದ್ದು ಇನ್ನೂ ನೋಯ್ತೈತಿ, ತಗೋ!" ಎಂದಳು ನನ್ನ ತಂಗಿಯ ಮಗಳು.

ಆಮೇಲೆ ಕೂಸು ಕೈಯಿಂದ ಕೈಗೆ ಹೋಯಿತು. ಗಿಲಕಿ ಆಡಿಸುವವರು, ಗಲ್ಲ ಹಿಂಡುವವರು, ಮುಖಕ್ಕೇ ಮೊಬೈಲ್ ದೀಪ ಹಿಡಿಯುವವರು. ಕೂಸು ಮಾತ್ರ ಅಳಲಿಲ್ಲ, ಕಣ್ಣರಳಿಸಿ ಒಂದೇ ಕಡೆ ನೋಡುತ್ತಿತ್ತು. "ನಮ್ಮ ಕೂಸು ಭಾಳ ಶಾಣ್ಯಾ, ಅಳೂದೇ ಇಲ್ಲ" ಎಂದು ನಾನು ಮೆರೆದೆ.

ಮನೆಗೆ ಬಂದ ಮೇಲೆ ಅದು ಮೊಲೆ ಕಚ್ಚಲಿಲ್ಲ. ದೀಪ ಹಚ್ಚುವ ಹೊತ್ತಾದರೂ ಇಲ್ಲ. ಅದೇ ನೋಟ, ಮುಟ್ಟಿದರೆ ಬೆಚ್ಚುತ್ತಿತ್ತು. ದವಾಖಾನೆಗೆ ಒಯ್ಯಲು ಮಗ ಗಾಡಿ ತರಲು ಓಡಿದ. ನಾನು ಕೂಸನ್ನು ಎತ್ತಿಕೊಂಡು ಅಕ್ಕಿ ಚೀಲದ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕತ್ತಲಲ್ಲಿ ಕೂತೆ. ಯಾಕೆ ಅಲ್ಲಿಗೇ ಹೋದೆನೋ ಗೊತ್ತಿಲ್ಲ.

ಸ್ವಲ್ಪ ಹೊತ್ತಿಗೆ ಸದ್ದು ಶುರುವಾಯಿತು. ಸ್ಪೀಕರಿನ ಹಾಡು, ಬೆನ್ನಿಗೆ ಬಿದ್ದ ಗುದ್ದು, ಹೆಂಗಸರ ನಗು, ಗಿಲಕಿ, ನಾನು ಮೆರೆದ ಮಾತು. ಹೊರಗಿನಿಂದಲ್ಲ, ನನ್ನ ತೊಡೆಯ ಮೇಲಿಂದ. ಎಲ್ಲದರ ಅಡಿಯಲ್ಲಿ ಒಂದು ಹೆಣ್ಣುದನಿ ಬಿಡದೆ "ಸಾಕ್ರಿ, ಸಾಕು ಮಾಡ್ರಿ" ಎನ್ನುತ್ತಿತ್ತು. ಒಂದೊಂದಾಗಿ ಎಲ್ಲ ನಿಂತಿತು, ಕೊನೆಗೆ ಆ ದನಿಯೂ. ಆಗ ಕೂಸು ಬಾಯಿಬಿಟ್ಟು ಅತ್ತಿತು. ಸುಮಾ ಓಡಿಬಂದು ಎತ್ತಿಕೊಂಡಳು. ಕೂಸು ಹಾಲು ಕುಡಿಯಿತು.

ಆದರೂ ಡಾಕ್ಟರಿಗೆ ತೋರಿಸಿದೆವು. ನೋಡುವುದು, ಕೇಳುವುದು, ಮುಟ್ಟಿಸಿಕೊಳ್ಳುವುದು ಅತಿಯಾದರೆ ಕೆಲವು ಕೂಸುಗಳು ಅಳದೆ ಒಳಗೇ ಮುದುಡಿಕೊಳ್ಳುತ್ತವೆ, ಸುಮ್ಮನಿದೆ ಎಂದರೆ ಸುಖವಾಗಿದೆ ಎಂದಲ್ಲ ಎಂದರು. ಅದನ್ನು ಒಪ್ಪಿದೆ. ಕೋಣೆಯ ಸುದ್ದಿ ಅವರ ಮುಂದೆ ಎತ್ತಲಿಲ್ಲ.

ವಾರ ಬಿಟ್ಟು ಸುಮಾಳನ್ನು ಕೇಳಿದೆ, "ಅವತ್ತ ಭವನದಾಗ ಸಾಕು ಸಾಕು ಅಂದಾಕಿ ಯಾರವಾ?"

ಅವಳ ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು. "ಯಾರೂ ಅನ್ನಲಿಲ್ರಿ ಅತ್ತಿ. ನನಗ ಅನ್ನಬೇಕು ಅನ್ನಸ್ತಿತ್ತು, ಮನಸಿನ್ಯಾಗ ಅಂದಕೋತನ ಇದ್ದೆ. ನೀವು ಬೈತೀರಿ ಅಂತ ಬಾಯಿ ಬಿಡಲಿಲ್ಲ."

ಬಾಯಿಂದ ಬೀಳದ ಮಾತು ಕೂಸಿಗೆ ಹೇಗೆ ಕೇಳಿಸಿತು, ಅದರಿಂದ ನನಗೆ ಹೇಗೆ ಬಂತು, ನನಗೆ ಇಂದಿಗೂ ತಿಳಿದಿಲ್ಲ. ಈಗ ಮನೆಗೆ ನಾಲ್ಕು ಜನ ಬಂದು ಗಲಾಟೆ ಏರಿದರೆ ಸೊಸೆಯ ಮುಖ ನೋಡುತ್ತೇನೆ. ಅವಳು ಸುಮ್ಮನಿದ್ದಷ್ಟೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.