ಕರಾಚಿಯಲ್ಲಿ ಇಳಿದ ವಿಮಾನ

ಗುಡ್ಡದ ಆಚೆ ಯಾರದೋ ತೋಟದಲ್ಲಿ ಕಳೆ ಕೊಚ್ಚುವ ಮೆಷಿನ್ನು ಶುರುವಾದಾಗ ಅದು ಮೆಷಿನ್ನೆಂದು ನನಗೆ ತಟ್ಟನೆ ಹೊಳೆಯುವುದಿಲ್ಲ. ಗಾಳಿ ಬಂದ ಹಾಗೆ ಏರಿ ಇಳಿಯುವ ಆ ಸದ್ದನ್ನು ನನ್ನ ಅಜ್ಜ ಬಾಯಲ್ಲೇ ಹೊರಡಿಸುತ್ತಿದ್ದರು. ಒಂದು ಸದ್ದಿಗೆ ಸತ್ತವರೆಲ್ಲ ಎದ್ದು ಬಂದು ಎದುರಿಗೆ ಕೂರುವುದು ನಿಮಗೂ ಗೊತ್ತಿರಬಹುದು. ಮಲ್ಲಂದೂರಿನ ಹತ್ತಿರದ ಎಸ್ಟೇಟೊಂದರಲ್ಲಿ ಅಜ್ಜ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದರು. ಎರಡು ಕೋಣೆಯ ಕ್ವಾರ್ಟರ್ಸು. ಅಂಗಳದಾಚೆ ಕಾಫಿ ಒಣಗಿಸುವ ಕಣ, ಸುಗ್ಗಿಯಲ್ಲಿ ಮನೆಯೊಳಗೆಲ್ಲ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಪಾರ್ಚ್‌ಮೆಂಟ್ ಕಾಫಿಯ ಹುಳಿವಾಸನೆ. ಅಲ್ಲಿದ್ದವರು ಅಜ್ಜ, ಅಜ್ಜಿ, ಅವರ ಒಬ್ಬನೇ ಮಗ ಶ್ರೀಧರಮಾವ, ಮತ್ತೆ ತಾಯಿ ತೀರಿಕೊಂಡ ಮೇಲೆ ಅಲ್ಲಿಗೆ ಬಂದು ಸೇರಿದ ನಾನು.

ಹರೆಯದಲ್ಲಿ ಅಜ್ಜ ಸಂಬಂಧಿಕರೊಬ್ಬರ ಹೋಟೆಲಿನ ಕೆಲಸಕ್ಕೆಂದು ಕರಾಚಿಗೆ ಹೋಗಿದ್ದರು. ಇಂಗ್ಲೆಂಡಿನಿಂದ ಹೊರಟ ವಿಮಾನವೊಂದು ನಡುವೆ ಎಲ್ಲೂ ಇಳಿಯದೆ ಬರುತ್ತದೆಂದು ಸುದ್ದಿಯಾದಾಗ ಮೈದಾನಕ್ಕೆ ಚಹಾ ಹೊತ್ತುಕೊಂಡು ಹೋದವರಲ್ಲಿ ಅವರೂ ಒಬ್ಬರು. ಆಗಿನ ವಿಮಾನಗಳಿಗೆ ಹೆಚ್ಚಾಗಿ ಮೇಲೊಂದು ಕೆಳಗೊಂದು ರೆಕ್ಕೆ. ಇದಕ್ಕೆ ಒಂದೇ ಸಾಲು, ಆದರೆ ಭಾರೀ ಉದ್ದ, ಅದರೊಳಗೆಲ್ಲ ಪೆಟ್ರೋಲು. ಮೂತಿಗೆ ಒಂದೇ ಒಂದು ಫ್ಯಾನು. ಓಡಿಸುವವರು ಇಬ್ಬರು, ಒಬ್ಬ ಓಡಿಸುವಾಗ ಇನ್ನೊಬ್ಬನಿಗೆ ಮಲಗಲು ಜಾಗ. ಎರಡು ದಿನಕ್ಕೂ ಮಿಕ್ಕಿ ಆಕಾಶದಲ್ಲೇ ಇದ್ದು ಇಳಿದವರಿಗೆ ಕಿವಿ ಕೇಳಿಸುತ್ತಿರಲಿಲ್ಲವಂತೆ. ಅವರಲ್ಲೊಬ್ಬ ಅಜ್ಜನ ಕೈಯಿಂದ ಲೋಟ ತೆಗೆದುಕೊಂಡು, ಕುಡಿಯದೆ, ಸುಮ್ಮನೆ ಅದರ ಬಿಸಿಯನ್ನು ಕೆನ್ನೆಗೆ ಒತ್ತಿಕೊಂಡನಂತೆ. ಇದನ್ನು ಹೇಳುವಾಗ ಅಜ್ಜ ಎರಡೂ ತೋಳು ಚಾಚಿ, ಬಾಯಲ್ಲಿ ವಿಮಾನದ ಸದ್ದು ಹೊರಡಿಸುತ್ತ, ಜಗಲಿಯಲ್ಲಿ ನಿಲ್ಲುತ್ತಿದ್ದರು. ದೊಡ್ಡವನಾದ ಮೇಲೂ ಮಾವ ಎಲೆಅಡಿಕೆ ಜಗಿಯುತ್ತ ಅದನ್ನು ಹೊಸದೆಂಬಂತೆ ಕೇಳುತ್ತಿದ್ದ. ಕತೆ ಅಲ್ಲಿಗೇ ನಿಲ್ಲುತ್ತಿತ್ತು. ಅಜ್ಜಿ ಒಳಗೆ ಪಾತ್ರೆ ಸದ್ದು ಮಾಡುತ್ತಿದ್ದರು.

ಮಾವ ವಾಯುಪಡೆ ಸೇರಿ ವಿಮಾನ ಓಡಿಸುವವನಾದ. ರಜೆಗೆ ಬಂದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಣದ ಸುತ್ತ ಓಡುತ್ತಿದ್ದ. ಒಂದು ಚಳಿಗಾಲ, ಕೊಯ್ಲಿನ ನಡುವೆ, ಎಸ್ಟೇಟಿನ ಜೀಪು ನಮ್ಮ ಬಾಗಿಲಿಗೆ ಬಂದು ನಿಂತಿತು. ಇಳಿದ ಮ್ಯಾನೇಜರು ತಲೆಯ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಎಲ್ಲೋ ಅಸ್ಸಾಮಿನ ಕಡೆ, ಮಂಜಿನಲ್ಲಿ, ಮಾವನ ವಿಮಾನ ಗುಡ್ಡಕ್ಕೆ ಬಡಿದಿತ್ತು. ಆಮೇಲೆ ಪೆಟ್ಟಿಗೆಯೊಂದು ಬಂತು. ಅದನ್ನು ತೆರೆಯಬಾರದೆಂದು ಜೊತೆಗೆ ಬಂದವರು ಹೇಳಿದರು. ಅಜ್ಜಿ ಅದರ ಮುಚ್ಚಳವನ್ನು, ಮಗುವಿನ ತಲೆಗೆ ಎಣ್ಣೆ ಹಚ್ಚುವ ಹಾಗೆ, ಅಂಗೈಯಿಂದ ತಿಕ್ಕುತ್ತ ಕೂತಿದ್ದರು.

ಕರ್ಮಗಳೆಲ್ಲ ಮುಗಿದು ನೆಂಟರು ಹೋದ ಮೇಲೆ, ಊಟ ಬಡಿಸುತ್ತಿದ್ದ ಅಜ್ಜಿ ಸೌಟನ್ನು ಕೆಳಗಿಟ್ಟರು.

"ಅವ್ನಿಗೆ ಅರ್ಧ ಕತೆ ಹೇಳಿ ಕಳ್ಸಿದ್ರಿ ನೀವು," ಎಂದರು.

ಉಳಿದರ್ಧವನ್ನು ನಾನು ಕೇಳಿದ್ದು ಅವತ್ತು. ಅದೇ ವಿಮಾನ, ಅದೇ ಇಬ್ಬರು, ಅದೇ ವರ್ಷ ಆಫ್ರಿಕಾದ ತೆಂಕಣ ತುದಿಗೆಂದು ಹೊರಟು ಕತ್ತಲಲ್ಲಿ ಗುಡ್ಡಕ್ಕೆ ಬಡಿದು ಸತ್ತಿದ್ದರು. ಅಜ್ಜ ಅದನ್ನು ಮದುವೆಯಾದ ಹೊಸತರಲ್ಲಿ ತನಗೊಬ್ಬಳಿಗೇ ಹೇಳಿದ್ದೆಂದು ಅಜ್ಜಿ ತಿಳಿದಿದ್ದರು.

ಅಜ್ಜ ಎಲೆಯಿಂದ ಕೈ ತೆಗೆಯಲಿಲ್ಲ. "ಹೇಳಿದ್ದೆ ಮಾರಾಯ್ತಿ. ಅವ ಸೇರ್ಲಿಕ್ಕೆ ಹೊರಡೋ ಮುಂಚೆ ಬಸ್ಸಿಗೆ ಕಾಯ್ತಾ ಕೂತಾಗ ಎಲ್ಲ ಹೇಳಿದೆ. ಹೋಗ್ಬೇಡ ಅಂತ್ಲೇ ಹೇಳಿದ್ದು. ಆಮೇಲೆ ಅಂಥದೇ ಇನ್ನೊಂದು ವಿಮಾನ ಕಟ್ಟಿದ್ರಾ ಅಪ್ಪಯ್ಯ ಅಂತ ಕೇಳ್ದ. ಹೌದು ಅಂದೆ. ಹಾಗಾರೆ ಸರಿ ಅಂತ ಬಸ್ ಹತ್ತಿದ."

ಮುಂದಿನ ಸುಗ್ಗಿಯವರೆಗೂ ಅಜ್ಜಿ ಅಜ್ಜನೊಂದಿಗೆ ಆಡಿದ್ದು ನನ್ನ ಮೂಲಕವೇ. ಊಟಕ್ಕೆ ಕರಿ, ಸ್ನಾನಕ್ಕೆ ನೀರು ಕಾದಿದೆ ಅನ್ನು. ಅಜ್ಜ ಆ ಕತೆಯನ್ನು ಮತ್ತೆ ಯಾರಿಗೂ ಹೇಳಲಿಲ್ಲ. ಕಣದಲ್ಲಿ ಕಾಫಿ ಕೆದಕುತ್ತ ಬಿಸಿಲಲ್ಲಿ ನಿಂತಿದ್ದವರು ಹಾಗೇ ಮುದುಕರಾಗಿಬಿಟ್ಟರು.

ಈಗ ಆ ಕ್ವಾರ್ಟರ್ಸು ಇದ್ದ ಜಾಗದಲ್ಲಿ ಹೋಮ್‌ಸ್ಟೇಯವರ ಈಜುಕೊಳವಿದೆ. ಇಬ್ಬರೂ ಹೋಗಿ ಎಷ್ಟೋ ಕಾಲವಾಯಿತು. ನನ್ನಲ್ಲಿ ಉಳಿದಿರುವುದು ಆ ಮುಂದಿನ ಸುಗ್ಗಿಯ ಒಂದು ಸಂಜೆ. ಅಜ್ಜಿ ಹೊರಗೆ ಬಂದು, ಬಹಳ ದಿನಗಳ ಮೇಲೆ, ಜಗಲಿಯಲ್ಲಿ ಅಜ್ಜನ ಪಕ್ಕ ಕೂತರು.

"ಆ ಎರಡನೇದು ಎಲ್ಲಿಗೆ ಹೋಯ್ತು?"

"ಆಫ್ರಿಕಾಕ್ಕೆ. ಮೊದಲ್ನೇದಕ್ಕಿಂತ ದೂರ."

"ತಿರುಗಿ ಬಂತಾ?"

"ಬಂತು."

ಅಜ್ಜಿ ತಲೆಯಾಡಿಸಿದರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಆ ಪೆಟ್ಟಿಗೆ ಬಂದ ದಿನವೂ ಅಳದಿದ್ದವರು, ಅತ್ತರು. ಅಜ್ಜ ಅವರ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದರು.