ಇಡೀ ಸೂಕ್ ಕೇಳಿದ ಅಪ್ಪನ ಕಾಗದ

ನಾನು ಚಿಕ್ಕವನಿದ್ದಾಗ ಅಪ್ಪನ ಧ್ವನಿ ಲಕೋಟೆಯಲ್ಲಿ ಬರುತ್ತಿತ್ತು. ಅಪ್ಪ ಒಮಾನಿನಲ್ಲಿ ಒಂದು ಕಂಪನಿಯ ಅಡುಗೆಯವನಾಗಿದ್ದ. ಅಮ್ಮ, ಅಕ್ಕ, ನಾನು ಇಲ್ಲೇ ಮನಾಮದಲ್ಲಿ, ಸೂಕ್ ಎನ್ನುವ ಹಳೇ ಪೇಟೆಯ ಹಿಂದಿನ ಗಲ್ಲಿಯ ಒಂದೇ ಕೋಣೆಯಲ್ಲಿದ್ದೆವು. ಪೆನ್ನು ಹಿಡಿಯುವುದೆಂದರೆ ಅಪ್ಪನಿಗೆ ಬೇಸರ. ಗೆಳೆಯನ ಟೇಪ್ ರೆಕಾರ್ಡರಿನ ಎದುರು ಕುಳಿತು ಮಾತಾಡಿ, ಆ ಕ್ಯಾಸೆಟ್ಟನ್ನು ಈ ಕಡೆ ಬರುವವರ ಕೈಯಲ್ಲಿ ಕಳಿಸುತ್ತಿದ್ದ. ಪಕ್ಕದ ಮನೆಯವರ ಟೇಪಿನಲ್ಲಿ ಹಾಕಿ ನಾವು ಕೇಳುತ್ತಿದ್ದೆವು.

ಆಗ ಒಮಾನಿನ ದಕ್ಷಿಣದ ಬೆಟ್ಟಗಳಲ್ಲಿ ದೊರೆಗೂ ಅವನ ಎದುರು ದಂಗೆಯೆದ್ದವರಿಗೂ ವರ್ಷಗಟ್ಟಲೆಯಿಂದ ಯುದ್ಧ ನಡೆಯುತ್ತಿತ್ತು. ಸಮುದ್ರದ ಬದಿಯ ರಖ್ಯೂತ್ ಎಂಬ ಊರು ದಂಗೆಯವರ ರಾಜಧಾನಿ. "ಸಾಮಾನಿನ ಲಾಂಚಿನಲ್ಲಿ ನನ್ನನ್ನೂ ಆ ಕಡೆ ಕಳಿಸ್ತಾರಂತೆ, ಹೆದರಬೇಡಿ" ಎಂದು ಅಪ್ಪ ಹಿಂದಿನ ಕ್ಯಾಸೆಟ್ಟಿನಲ್ಲಿ ಹೇಳಿದ್ದ. ಆಮೇಲೆ ಸುದ್ದಿಯೇ ಇಲ್ಲ. 1975ರ ಜನವರಿಯಲ್ಲಿ ಒಂದು ದಿನ ರೇಡಿಯೋ ಹೇಳಿತು: ರಖ್ಯೂತ್ ಬಿತ್ತು, ಕಾಳಗ ಜೋರಾಗಿತ್ತು. ಅಮ್ಮ ಅನ್ನದ ತಟ್ಟೆಯನ್ನು ಹಾಗೇ ಸರಿಸಿಬಿಟ್ಟಳು.

ಅದಾಗಿ ಕೆಲವು ದಿನಕ್ಕೆ ಒಂದು ಕ್ಯಾಸೆಟ್ ಬಂತು. ಮೂರು ನಾಲ್ಕು ಕೈ ದಾಟಿ ಬಂದದ್ದು. ತಂದುಕೊಟ್ಟವನಿಗೆ ಅಪ್ಪನ ಮುಖವೇ ಗೊತ್ತಿಲ್ಲ, ಮೇಲೆ ತಾರೀಕೂ ಇಲ್ಲ. ಅಪ್ಪ ಇದನ್ನು ಮಾತಾಡಿದ್ದು ಆ ಊರಿಗೆ ಹೋಗುವ ಮೊದಲೋ, ಬಂದ ಮೇಲೋ? ಕೇಳೋಣವೆಂದರೆ ಪಕ್ಕದ ಮನೆಯವರು ರಜೆಗೆ ಊರಿಗೆ ಹೋಗುವಾಗ ಟೇಪನ್ನೂ ಹೊತ್ತುಕೊಂಡು ಹೋಗಿದ್ದರು. ಅಮ್ಮ ಕ್ಯಾಸೆಟ್ಟನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಕುಳಿತಳು. ಹನ್ನೆರಡು ವರ್ಷದ ಅಕ್ಕ ಮಾತ್ರ ಆ ಗಂಟು ಬಿಚ್ಚಿ, "ಏಳಮ್ಮ, ಸೂಕಿಗೆ ಹೋಗುವ" ಎಂದಳು.

ಏಲಕ್ಕಿ ಚಹಾ, ಒಣಮೀನು, ಹೊಸ ಬಟ್ಟೆಯ ಗಂಜಿ, ಎಲ್ಲದರ ವಾಸನೆ ದಾಟಿ ರೇಡಿಯೋ ಅಂಗಡಿಗೆ ಹೋದೆವು. ಮಾರಾಟಕ್ಕಿಟ್ಟ ಟೇಪಿನಲ್ಲಿ ಹಾಡು ಗಟ್ಟಿಯಾಗಿ ಕೂಗುತ್ತಿತ್ತು. ಬಿಳಿ ಗಡ್ಡದ ಅಂಗಡಿಯವನು ಅಕ್ಕನ ಕೈಯ ಕ್ಯಾಸೆಟ್ ನೋಡಿ ಆಗದೆಂದು ತಲೆಯಾಡಿಸಿದ. "ಖಲ್ಲಾಸ್, ಇದು ಮಾರುವ ಮಾಲು, ಆಡುವ ಮಾಲಲ್ಲ."

ಅಕ್ಕ ಅಳಲಿಲ್ಲ, ಅಂಗಲಾಚಲಿಲ್ಲ. ತನ್ನ ಹರುಕು ಹಿಂದಿಯಲ್ಲಿ, "ಚಾಚಾ, ಹಾಡು ಎಲ್ಲ ಅಂಗಡಿಯಲ್ಲೂ ಉಂಟು, ಯಾರು ನಿಲ್ತಾರೆ? ಒಂದು ಮನೆಯ ಕಾಗದ ಹಾಕಿ ನೋಡಿ, ಇಡೀ ಸೂಕ್ ನಿಲ್ತದೆ" ಎಂದಳು.

ಮುದುಕ ಅವಳ ಕೈಯಿಂದ ಕ್ಯಾಸೆಟ್ ತೆಗೆದುಕೊಂಡ. ಹಾಡು ನಿಂತಿತು. ಗರಗರ ಸದ್ದಿನ ನಂತರ ಅಪ್ಪನ ಧ್ವನಿ ಬೀದಿಗೆಲ್ಲ ಕೇಳಿತು.

"ಹೋಯ್, ಕೇಳ್ತಾ ಉಂಟಾ? ಮಗ ಈಗಲೂ ಹಾಸಿಗೆ ಒದ್ದೆ ಮಾಡ್ತಾನಾ?"

ಸೂಕಿನಲ್ಲಿ ನಮ್ಮ ಕಡೆಯವರು ಬೇಕಾದಷ್ಟಿದ್ದರು. ಎಲ್ಲರೂ ನಕ್ಕರು. ನಾನು ಅಮ್ಮನ ಸೀರೆಯೊಳಗೆ ಮುಖ ಹುದುಗಿಸಿದೆ. ಅಮ್ಮ ನಗಲಿಲ್ಲ. ಅವಳು ಕಾಯುತ್ತಿದ್ದದ್ದು ಬೇರೆ ಮಾತಿಗೆ.

"ರಾಜಧಾನಿ ಬಿತ್ತು ಅಂತ ರೇಡಿಯೋದಲ್ಲಿ ಕೇಳಿರ್ಬೇಕು ನೀವು. ನಾನು ಈಗ ಅಲ್ಲೇ ಇದ್ದೇನೆ. ನನಗೆಂತ ಆಗಲಿಲ್ಲ. ರಾಜಧಾನಿಯಂತೆ! ನಮ್ಮ ಗಲ್ಲಿಯಷ್ಟು ಉದ್ದ ಇಲ್ಲ ಮಾರಾಯ್ತಿ. ಪಾಪ, ಜನ ಹಸಿದಿದ್ರು. ಗಂಜಿ ಮಾಡಿ ಕೊಟ್ರೆ ಒಬ್ಬಳು ಅಜ್ಜಿ ದನಕ್ಕೆ ಕೊಟ್ಟದ್ದು ಅಂತ ಎಣಿಸಿ ಅದನ್ನು ಕರುವಿನ ಮುಂದೆ ಇಟ್ಳು! ನಾನೇ ಕುಡಿದು ತೋರಿಸಿದ ಮೇಲೆ ಅವಳೂ ಕುಡಿದ್ಳು."

ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಯಾರೋ ಅವಳ ಕೈಗೆ ಚಹಾ ಕೊಟ್ಟರು.

ಮಾತು ಮುಗಿಯಿತು. ಆದರೆ ಟೇಪ್ ನಿಲ್ಲಿಸುವುದನ್ನು ಅಪ್ಪ ಮರೆತಿದ್ದ. ಪಾತ್ರೆಯ ಸದ್ದು, ಅಪ್ಪನ ಕೆಮ್ಮು, ಹಿಂದೆ ಸಮುದ್ರ. ಮುದುಕ ಗುಂಡಿಯ ಹತ್ತಿರ ಬೆರಳು ತಂದವನು ಅಮ್ಮನ ಮುಖ ನೋಡಿ ಹಿಂದೆ ತೆಗೆದ. ಕ್ಯಾಸೆಟ್ ಕಟ್ಟೆಂದು ತಾನೇ ನಿಲ್ಲುವವರೆಗೂ ಒಬ್ಬ ಗಿರಾಕಿಯೂ ಕದಲಲಿಲ್ಲ. ಆಮೇಲೆ ಹತ್ತಿರದ ಸಿತ್ರಾದಲ್ಲಿ ಕೆಲಸ ಮಾಡುವ ಒಬ್ಬ, ತನ್ನ ಮನೆಗೂ ಮಾತು ಕಳಿಸಬೇಕೆಂದು ಅದೇ ಟೇಪನ್ನು ಕೊಂಡುಕೊಂಡ. ಮುದುಕ ಅಕ್ಕನ ಬೊಗಸೆ ತುಂಬ ಖರ್ಜೂರ ಹಾಕಿದ.

ಆ ವರ್ಷ ಮುಗಿಯುವಾಗ ಯುದ್ಧವೂ ಮುಗಿಯಿತು, ಅಪ್ಪ ಮನೆಗೆ ಬಂದ. ಮುಂದೆ ನಾನು ಇದೇ ಸೂಕಿನಲ್ಲಿ ವ್ಯಾಪಾರ ಮಾಡಿ ಬೆಳೆದೆ. ನಾನು ಕಲಿತ ಚೌಕಾಸಿಯೆಲ್ಲ ಅಕ್ಕನ ಆ ಒಂದು ಮಾತಿನಲ್ಲಿತ್ತು. ಮಕ್ಕಳೇ, ನಿಮಗೇನು ಬೇಕೆಂದು ಕೂಗಬೇಡಿ. ಎದುರಿನವನಿಗೇನು ಬೇಕೆಂದು ಮೊದಲು ನೋಡಿ. ಆದರೆ ಮುದುಕ ಬೆರಳು ಹಿಂದೆ ತೆಗೆದನಲ್ಲ, ಅದು ಚೌಕಾಸಿಯಲ್ಲ. ಅವನನ್ನು ಇವತ್ತಿಗೂ ನೆನೆಯುತ್ತೇನೆ.

ಈಗ ಇದೇ ಊರಿನ ಜುಫೈರಿನಲ್ಲಿ ಹದಿನಾಲ್ಕನೇ ಮಹಡಿಯ ಮನೆಯಲ್ಲಿ ಕುಳಿತು ನೀವು ಬೇಕೆಂದಾಗ ಬೇಕಾದವರ ಮುಖ ನೋಡುತ್ತೀರಿ. ಒಳ್ಳೆಯದೇ, ನಮ್ಮ ಹಾಗೆ ಕಾಯುವ ಕಷ್ಟ ನಿಮಗೆ ಬೇಡ. ಆದರೆ ನಾನು ಫೋನಿನಲ್ಲಿ ಕಳಿಸುವ ಮಾತನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ ಕೇಳುತ್ತೀರಂತೆ, ನನಗೆ ಗೊತ್ತು. ಬನ್ನಿ, ಒಂದು ಒಪ್ಪಂದ. ವಾರಕ್ಕೊಂದನ್ನು ನಿಧಾನವಾಗಿ ಕೇಳಿ, ನಾನು ಚಿಕ್ಕದಾಗಿ ಮಾತಾಡುತ್ತೇನೆ. ಮಾತು ಮುಗಿಯಿತೆಂದು ಕೂಡಲೇ ಮುಚ್ಚಬೇಡಿ. ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ನನಗೂ ಮರೆತುಹೋಗುತ್ತದೆ.