ಕೂಸಮ್ಮನಿಗೆ ಹೇಳಿದ ಸಿನಿಮಾಗಳು

ಈಚೆಗೆ ಮಿಕ್ಸಿ ರಿಪೇರಿಗೆಂದು ಬತ್ತಲಗುಂಡಿನ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಗೆ ಹೋಗಿದ್ದೆ. ಅಲ್ಲಿ ಬೆನ್ನು ಬಿಚ್ಚಿಟ್ಟ ಹಳೇ ಡಬ್ಬಾ ಟಿವಿಯೊಂದು ಹಾಗೇ ಓಡುತ್ತಿತ್ತು. ಕಾದ ಧೂಳಿನ ವಾಸನೆ, ಬಿಸಿಯಾದ ಮರದ ವಾಸನೆ, ಜೊತೆಗೆ ಅಂಗಡಿಯವನು ದೇವರ ಪಟಕ್ಕೆ ಹಾಕಿದ್ದ ಮಲ್ಲಿಗೆ ಬಾಡುತ್ತಿದ್ದ ವಾಸನೆ. ಈಗಿನ, ಗೋಡೆಗೆ ಅಂಟಿಸುವ ಟಿವಿಗಳಿಗೆ ವಾಸನೆಯೇ ಇಲ್ಲ, ಗಮನಿಸಿದ್ದೀರಾ? ನಾನು ಮಿಕ್ಸಿಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತುಬಿಟ್ಟೆ. ಹನುಮಂತನಪಟ್ಟಿಯ ನಮ್ಮ ನಡುಮನೆ, ಭಾನುವಾರದ ಮಧ್ಯಾಹ್ನ, ಸಿನಿಮಾ ಮುಗಿದು ಟಿವಿ ಆರಿಸಿದ ಮೇಲಿನ ಮೌನ, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಎಲ್ಲರ ಮನೆಯಲ್ಲೂ ಸಿನಿಮಾ ಮುಗಿದ ಮೇಲೆ ಒಂದು ಗಳಿಗೆ ಮೌನ ಇರುತ್ತದೆ. ನಮ್ಮ ಮನೆಯ ಮೌನ ಬೇರೆ. ಅದರಲ್ಲಿ ನಾವು ಸತ್ತ ಹುಡುಗಿಯೊಬ್ಬಳ ಅಭಿಪ್ರಾಯಕ್ಕೆ ಕಾಯುತ್ತ ಕೂತಿರುತ್ತಿದ್ದೆವು.

ಸುತ್ತ ಇಡೀ ಕಂಬಂ ಕಣಿವೆ ತಮಿಳು ಮಾತಾಡುತ್ತಿದ್ದರೂ ನಮ್ಮ ಮನೆಯೊಳಗೆ ಕನ್ನಡವೇ. ಅದನ್ನು ನಾವು ಕನ್ನಡ ಅಂತಲೂ ಕರೆಯುತ್ತಿರಲಿಲ್ಲ, ಮನೆಮಾತು ಅನ್ನುತ್ತಿದ್ದೆವು. ಎಷ್ಟು ತಲೆಮಾರಿನ ಹಿಂದೆ, ಯಾವ ದಾರಿಯಲ್ಲಿ ನಮ್ಮವರು ಇತ್ತ ಬಂದರೋ ಸರಿಯಾಗಿ ಬಲ್ಲವರಿಲ್ಲ. ಬರುವಾಗ ದಾರಿಯಲ್ಲಿ ಮದುವೆಯಾಗದ ಒಬ್ಬ ಹುಡುಗಿ ಜ್ವರ ಬಂದು ತೀರಿಕೊಂಡಳು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಅವಳೇ ಕೂಸಮ್ಮ, ನಮ್ಮ ಮನೆಯ ಕನ್ನಿದೇವರು. ನಡುಮನೆಯ ಮೂಲೆಯಲ್ಲಿ, ತೊಲೆಗೆ ತೂಗುಹಾಕಿದ ಬಿದಿರಿನ ಪೆಟ್ಟಿಗೆಯಲ್ಲಿ ಅವಳ ಪುಟ್ಟ ಲಂಗ, ರವಿಕೆ, ಕೆಲವು ಗಾಜಿನ ಬಳೆಗಳು ಇದ್ದವು. ಪೊಂಗಲ್ ಮುಗಿದ ಮೇಲೆ ಹಳೇ ಲಂಗ ತೆಗೆದು ಹೊಸದು ಇಡುವುದು ಪದ್ಧತಿ. ಇಂಥ ಪೆಟ್ಟಿಗೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದೆ. ಆದರೆ ನಮ್ಮ ಅವ್ವ, ಅಂದರೆ ಅಪ್ಪನ ತಾಯಿ, ಬೇರೆ ಯಾರ ತಲೆಗೂ ಹೊಳೆಯದ ಒಂದು ಚಿಂತೆ ಹಚ್ಚಿಕೊಂಡಿದ್ದಳು. ಕೂಸಮ್ಮ ಈ ಸೀಮೆಗೆ ಬಂದು ಮುಟ್ಟುವ ಮುಂಚೆಯೇ ಸತ್ತವಳು. ಅವಳಿಗೆ ತಮಿಳು ಬರುವುದಿಲ್ಲ.

"ಮಗು ಒಬ್ಳೇ ಕೂತಿರ್ತಾಳೆ, ನಾವು ಅವ್ಳ್ ಮುಂದೆ ಅರ್ಥವಾಗದ ಮಾತಾಡಿದ್ರೆ ಬೇಜಾರ್ ಮಾಡ್ಕಳಕಿಲ್ವಾ?" ಎನ್ನುತ್ತಿದ್ದಳು ಅವ್ವ. ಹಾಗಾಗಿ ಹೊಸಿಲ ಆಚೆ ಚಪ್ಪಲಿ ಬಿಟ್ಟಂತೆ ತಮಿಳನ್ನೂ ಬಿಟ್ಟು ಬರಬೇಕಿತ್ತು. ದ್ರಾಕ್ಷಿ ಕೊಳ್ಳಲು ಬರುತ್ತಿದ್ದ ವ್ಯಾಪಾರಿಗಳನ್ನು ಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟು ಕಳಿಸುತ್ತಿದ್ದರು.

ಇಂಥ ಮನೆಗೆ ಅಪ್ಪ ಟಿವಿ ತಂದ, ಜೊತೆಗೆ ಸಿಡಿ ಪ್ಲೇಯರ್ ತಂದ. ಭಾನುವಾರ ಉಂಡಾದ ಮೇಲೆ ಒಂದು ತಮಿಳು ಸಿನಿಮಾ. ಅವ್ವ ಮೊದಲ ದಿನ ತಲೆ ಮೇಲೆ ಕೈ ಹೊತ್ತು ಕೂತಳು. ನಡುಮನೆಯ ತುಂಬ ತಮಿಳು, ಗುದ್ದಾಟ, ಅಳು, ಹಾಡು! ಆದರೆ ಹಾಡುಗಳು ಅವಳಿಗೂ ಹಿಡಿಸಿದವು. ಕೊನೆಗೆ ಅವಳೇ ಉಪಾಯ ಕಂಡುಕೊಂಡಳು. ಸಿನಿಮಾ ಮುಗಿದ ಕೂಡಲೇ ಬೀದಿಬಾಗಿಲು ಹಾಕಬೇಕು, ಟೇಬಲ್ ಫ್ಯಾನನ್ನು ಪೆಟ್ಟಿಗೆಯ ಕಡೆ ತಿರುಗಿಸಬೇಕು, ಎಲ್ಲರೂ ಆ ಕಡೆ ಮುಖ ಮಾಡಿ ಕೂತು ಕೂಸಮ್ಮನಿಗೆ ಕಥೆಯನ್ನು ಮನೆಮಾತಿನಲ್ಲಿ ಹೇಳಬೇಕು. ಕಥೆ ಹೇಳುವುದು ಅವ್ವನ ಪಾಲು. ಆಮೇಲೆ ಸಿನಿಮಾ ಹೇಗಿತ್ತು ಎಂದು ಒಬ್ಬೊಬ್ಬರೂ ಹೇಳಬೇಕು, ಚಿಕ್ಕವಳಾದ ನನ್ನಿಂದ ಶುರು. ನಡುವೆ ತಮಿಳು ಮಾತು ನುಸುಳಿದರೆ ಅವ್ವ ತೊಡೆಗೆ ಚಿವುಟಿ ಮತ್ತೆ ಹೇಳಿಸುತ್ತಿದ್ದಳು. ಇಂಟರ್‌ವಲ್, ಕ್ಲೈಮ್ಯಾಕ್ಸ್ ಎಂದರೆ ಅಡ್ಡಿಯಿಲ್ಲ, ಇಂಗ್ಲಿಷು ಯಾರ ಮನೆಯದೂ ಅಲ್ಲವಲ್ಲ. ಸಿನಿಮಾಗೆ ಅವಳು ಹೇಳುತ್ತಿದ್ದ 'ಪಡ' ಎಂಬುದೇ ತಮಿಳು ಎಂದು ಅಪ್ಪನ ತಂಗಿ ರಾಜಿ ಅತ್ತೆ ಕಾಡಿಸಿದರೆ, "ಹೋಗೇ, ನಮ್ಮಜ್ಜಿ ಕಾಲ್ದಿಂದ ಪಡ ಪಡಾನೇ" ಎಂದು ಗದರುತ್ತಿದ್ದಳು.

ನಾವೆಲ್ಲ ಹೇಳಿ ಮುಗಿಸಿದ ಮೇಲೆ ಅವ್ವ ಮೂಲೆಯತ್ತ ಕತ್ತೆತ್ತಿ, "ನಿಂಗ್ ಹೆಂಗಿತ್ತು ಕೂಸಮ್ಮ?" ಎಂದು ಕೇಳುತ್ತಿದ್ದಳು. ಆಗ ಆ ಮೌನ. ಅಮ್ಮ ಸೆರಗಿನ ತುದಿ ಸುತ್ತುತ್ತ, ಅಪ್ಪ ಚಾವಣಿ ನೋಡುತ್ತ. ಪೆಟ್ಟಿಗೆಯೊಳಗೆ ಬಳೆಗೆ ಬಳೆ ತಾಕಿದ ಸಣ್ಣ ಸದ್ದು. ಫ್ಯಾನ್ ಗಾಳಿಗೆ ಅಂತ ನಾನು ನನಗೇ ಹೇಳಿಕೊಳ್ಳುತ್ತಿದ್ದೆ. ಇಲಿ ಇರಬೇಕು ಅನ್ನುತ್ತಿದ್ದ ಅಪ್ಪ, ಆದರೆ ಮನೆಯಲ್ಲಿ ಒಂದು ಇಲಿಬೋನು ಕೂಡ ಇಟ್ಟವನಲ್ಲ. ಅವ್ವ ಕಿವಿಗೊಟ್ಟು ಕೇಳಿ ತೀರ್ಪು ಹೇಳುತ್ತಿದ್ದಳು. "ಹೊಡೆದಾಟ ಜಾಸ್ತಿ ಅಂತಾಳೆ." "ಆ ತೆಳ್ಳಗಿರೋ ಹುಡುಗ ಹಿಡಿಸ್ನಿಲ್ವಂತೆ." ನಾವು ನಕ್ಕರೆ ಅವಳೂ ನಗುತ್ತಿದ್ದಳು. ಭಯವೂ ಇತ್ತು, ಸಲಿಗೆಯೂ ಇತ್ತು.

ಒಂದು ಭಾನುವಾರ ಅವ್ವ ಸಿನಿಮಾದ ಉದ್ದಕ್ಕೂ ಗೋಡೆಗೊರಗಿ ನಿದ್ದೆ ಹೊಡೆದಿದ್ದಳು. ಕಥೆಯನ್ನು ಅತ್ತೆಯೇ ಹೇಳಬೇಕಾಯಿತು. ಮಾಮೂಲಿ ಮೌನ, ಬಳೆಯ ಸದ್ದು. ಅವ್ವ ಕತ್ತು ಓರೆ ಮಾಡಿ ಕೇಳಿಸಿಕೊಂಡು, "ಆ ಬಾವಿ ಹಿಂದೆ ಒಂದು ಕುಂಟ ಮೇಕೆ ಐತಂತೆ, ಅದ್ನ ಯಾಕ್ರೇ ಯಾರೂ ಯೋಳ್ನಿಲ್ಲ?" ಅಂದಳು. ನಮಗೆ ಯಾರಿಗೂ ಮೇಕೆ ಕಂಡಿರಲಿಲ್ಲ. ಅತ್ತೆ ಸುಮ್ಮನಿರುವವಳಾ? ಸಿಡಿ ಮತ್ತೆ ಹಾಕಿ ಬಾವಿಯ ದೃಶ್ಯದಲ್ಲಿ ನಿಲ್ಲಿಸಿದಳು. ಹಾಡುತ್ತಿದ್ದವರ ಹಿಂದೆ, ಪರದೆಯ ಅಂಚಿನಲ್ಲಿ, ಒಂದು ಕಾಲು ಎತ್ತಿಕೊಂಡು ಮೇಕೆ ನಿಂತಿತ್ತು. ಅಮ್ಮ ಎದ್ದು ಅಡುಗೆಮನೆಗೆ ಹೋದಳು. ನಾನು ಅವತ್ತಿನಿಂದ ಎಷ್ಟೋ ದಿನ ಆ ಮೂಲೆಗೆ ಬೆನ್ನು ಹಾಕಿ ಊಟಕ್ಕೆ ಕೂರಲಿಲ್ಲ.

ಅವ್ವ ಕಥೆ ಹೇಳುವಾಗ ಒಂದು ಸುಳ್ಳು ಮಾತ್ರ ತಪ್ಪದೆ ಹೇಳುತ್ತಿದ್ದಳು. ಸಿನಿಮಾದಲ್ಲಿ ಹೆಣ್ಣುಮಗಳು ಸತ್ತರೆ ಅವ್ವನ ಕಥೆಯಲ್ಲಿ ಅವಳು ಸಾಯುತ್ತಿರಲಿಲ್ಲ. ನೀರಿಗೆ ಬಿದ್ದವಳನ್ನು ಯಾರೋ ಎತ್ತುತ್ತಿದ್ದರು, ವಿಷ ಕುಡಿದವಳು ಕಕ್ಕಿ ಎದ್ದು ಕೂರುತ್ತಿದ್ದಳು, ಎಲ್ಲರೂ ಸಂಜೆಯೊಳಗೆ ಮನೆಗೆ ಬಂದು ಊಟಕ್ಕೆ ಕೂರುತ್ತಿದ್ದರು. ತಾನು ಸತ್ತಿದ್ದೇನೆ ಎಂದು ಕೂಸಮ್ಮನಿಗೆ ಯಾರೂ ಹೇಳಿಲ್ಲ, ಹೇಳಲೂಬಾರದು ಎಂಬುದು ಅವ್ವನ ಕಟ್ಟಪ್ಪಣೆ. ತಿಳಿದರೆ ಅವಳು ಹೊರಟುಹೋಗುತ್ತಾಳೆ. ಆಮೇಲೆ ಈ ಮನೆಯಲ್ಲಿ ಯಾರಿಗಾಗಿ ಮನೆಮಾತು?

ರಾಜಿ ಅತ್ತೆ ಅವ್ವನ ಒಬ್ಬಳೇ ಮಗಳು. ಆಗಿನ್ನೂ ಮದುವೆಯಾಗಿರಲಿಲ್ಲ. ನಮ್ಮಲ್ಲಿ ಸಿನಿಮಾ ನೋಡಲು ನಿಜವಾಗಿ ಬಲ್ಲವಳು ಅವಳೊಬ್ಬಳೇ. ಉಳಿದವರು ಚೆನ್ನಾಗಿತ್ತು, ಬೋರ್ ಆಯಿತು ಎಂದು ಮುಗಿಸಿದರೆ, ಅವಳು ಒಂದು ಹೆಣ್ಣು ಬಾಗಿಲು ಹಾಕಿದ ರೀತಿಯ ಬಗ್ಗೆಯೇ ಹೊತ್ತು ಹೋಗುವಷ್ಟು ಮಾತಾಡಬಲ್ಲಳು. ಮೂಗಿನ ತುದಿಯಲ್ಲೇ ಸಿಟ್ಟು. ಇನ್ನೊಂದು ಭಾನುವಾರ ನೋಡಿದ್ದು ಉಪ್ಪಿನ ಗದ್ದೆಯಲ್ಲಿ ಕೂಲಿ ಮಾಡುವ ಒಬ್ಬ ಹುಡುಗಿಯ ಕಥೆ. ಕೊನೆಯಲ್ಲಿ ಅವಳು ಬಿಳೀ ಬಯಲಿನಲ್ಲಿ ಒಬ್ಬಳೇ ಮಲಗಿಕೊಳ್ಳುತ್ತಾಳೆ, ಏಳುವುದಿಲ್ಲ. ಹಾಡಿಲ್ಲ, ಅಳುವಿಲ್ಲ, ಗಾಳಿಯ ಸದ್ದು ಅಷ್ಟೇ. ಅತ್ತೆ ಕಣ್ಣೊರೆಸಿಕೊಳ್ಳದೆ ಕೂತಿದ್ದಳು. ಅವ್ವ ಎಂದಿನಂತೆ ಶುರು ಮಾಡಿ, ಆ ಹುಡುಗಿ ಎದ್ದು ಮೈ ಕೊಡವಿಕೊಂಡು ಮನೆಗೆ ಬಂದಳು, ತಾಯಿ ಮೀನು ಸಾರು ಮಾಡಿದ್ದಳು ಎನ್ನುವಷ್ಟರಲ್ಲಿ ಅತ್ತೆ ಸಿಡಿದಳು.

"ಅಷ್ಟ್ ಒಳ್ಳೇ ಪಡಾನ ಕೆಡಿಸ್ಬೇಡ ಅವ್ವಾ! ಆ ಸಾವೇ ಅಲ್ವಾ ಪಡ? ಸುಳ್ಳು ಯೋಳಿ ಯೋಳಿ ಒಂದ್ ಪಡಾನೂ ನೆಟ್ಟಗೆ ನೋಡಾಕ್ ಬಿಟ್ಟಿಲ್ಲ ನೀನು ಆ ಮಗೀಗೆ." ಆಮೇಲೆ ಎದ್ದು ಪೆಟ್ಟಿಗೆಯ ಕೆಳಗೆ ಹೋಗಿ ನಿಂತು, ಗಟ್ಟಿಯಾಗಿ ಅಲ್ಲ, ಮಾಮೂಲಿ ದನಿಯಲ್ಲೇ ಹೇಳಿದಳು. "ಅವ್ಳು ಸತ್ತೋದ್ಲು ಕೂಸಮ್ಮ. ನೀನ್ ಸತ್ತಂಗೇ."

ಫ್ಯಾನ್ ತಿರುಗುತ್ತಲೇ ಇತ್ತು. ಬಳೆ ಸದ್ದಾಗಲಿಲ್ಲ. ನಾವು ಕಾದೆವು, ಅವ್ವ ಕರೆದಳು, ಮತ್ತೆ ಕರೆದಳು. ಇಲ್ಲ. ಅದೇ ಗಾಳಿ, ಅದೇ ಬಳೆ, ಆದರೆ ಅವತ್ತಿನಿಂದ ಆ ಪೆಟ್ಟಿಗೆ ಒಂದು ಬಿದಿರಿನ ಪೆಟ್ಟಿಗೆ ಮಾತ್ರವಾಗಿ ಹೋಯಿತು. ಮನೆ ದೊಡ್ಡದಾದಂತೆ ಕಾಣುತ್ತಿತ್ತು. ನಾನು ಹೆದರುತ್ತಿದ್ದ ಮೂಲೆಯಲ್ಲಿ ಹೆದರಲು ಏನೂ ಉಳಿದಿರಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು.

ಅವ್ವ ಮಗಳನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಸಂಜೆ ಊಟಕ್ಕೆ ಕರೆಯುವಾಗ ನಮ್ಮನ್ನೆಲ್ಲ "ಉಣ್ಣಾಕ್ ಬನ್ರೇ" ಎಂದು ಕರೆದವಳು, ಅತ್ತೆಯ ಕಡೆ ತಿರುಗಿ "ನೀ ಸಾಪ್ಪಿಡು" ಅಂದಳು. ನೀನು ಊಟ ಮಾಡು ಎಂದೇ, ಆದರೆ ತಮಿಳಿನಲ್ಲಿ. ತಟ್ಟೆ ಹಾಕುತ್ತಿದ್ದ ಅತ್ತೆಯ ಕೈ ಅಲ್ಲೇ ನಿಂತಿತು. ನಿಮಗೆ ಇದು ಸಣ್ಣದು ಅನ್ನಿಸಬಹುದು. ನಮ್ಮಲ್ಲಿ ಜಗಲಿಯ ವ್ಯಾಪಾರಿಗೆ ಆಡುವ ಮಾತನ್ನು ಹೆತ್ತ ಮಗಳಿಗೆ ಆಡಿದರೆ, ನೀನು ಹೊಸಿಲ ಆಚೆಯವಳು ಅಂತ ಅರ್ಥ. ಅಂದಿನಿಂದ ಅವ್ವ ಅವಳಿಗೆ ಒಂದೇ ಒಂದು ಮನೆಮಾತು ಆಡಲಿಲ್ಲ. ವಾ, ಪೋ, ಸಾಪ್ಪಿಡು, ತೂಂಗು. ಬಾ, ಹೋಗು, ಉಣ್ಣು, ಮಲಗು. ಅತ್ತೆ ಮನೆಮಾತಿನಲ್ಲೇ ಉತ್ತರ ಕೊಡುತ್ತಿದ್ದಳು, ಬೇಕೆಂದೇ ಹೆಚ್ಚು ಹೆಚ್ಚು ಮಾತಾಡುತ್ತಿದ್ದಳು, ಅವ್ವ ಕೇಳಿಸಿಕೊಂಡು ತಮಿಳಿನಲ್ಲಿ ಹೂಂಗುಟ್ಟುತ್ತಿದ್ದಳು. ಆಂಡಿಪಟ್ಟಿಗೆ ಮದುವೆ ಮಾಡಿಕೊಟ್ಟ ದಿನ, ಕಾರಿನ ಬಾಗಿಲಲ್ಲಿ ನಿಂತು ಅತ್ತೆ ತಾಯಿಯ ಬಾಯನ್ನೇ ನೋಡುತ್ತಿದ್ದಳು. ಅವ್ವ ತಲೆ ಸವರಿ "ಪೋಯಿಟ್ಟು ವಾ" ಅಂದಳು, ಹೋಗಿ ಬಾ ಎಂದು. ಅತ್ತೆ ಅಲ್ಲಿಯವರೆಗೂ ಅತ್ತಿರಲಿಲ್ಲ.

ವರ್ಷಗಳು ಹೋದವು. ಟಿವಿ ನೋಡುವುದು ನಿಲ್ಲಲಿಲ್ಲ, ಪೆಟ್ಟಿಗೆಗೆ ಹೇಳುವುದು ತಾನೇ ನಿಂತಿತು. ನಾವು ಮನೆಯೊಳಗೇ ತಮಿಳು ಮಾತಾಡತೊಡಗಿದೆವು, ಅವ್ವ ಚಿವುಟಲಿಲ್ಲ. ಪೊಂಗಲ್ ಆದ ಮೇಲೆ ಲಂಗ ಮಾತ್ರ ಬದಲಿಸುತ್ತಿದ್ದಳು. ಅತ್ತೆ ಬಂದು ಹೋಗಿ ಮಾಡುತ್ತಿದ್ದಳು, ಪ್ರತಿ ಸಲವೂ ತಾಯಿಯ ಮೊದಲ ಮಾತಿಗೆ ಕಾಯುತ್ತಿದ್ದಳು, ಅದು "ವಾ" ಆಗಿರುತ್ತಿತ್ತು. ಒಮ್ಮೆ ನನ್ನ ಹತ್ತಿರ, "ಬೈದ್ರೂ ಸರಿ ಸೆಲ್ವಿ, ನಮ್ಮ ಮಾತಾಗೆ ಬೈಲಿ" ಅಂದಿದ್ದಳು.

ಅವ್ವ ಹಾಸಿಗೆ ಹಿಡಿದಾಗ ನಾನು ಡಿಂಡಿಗಲ್ಲಿನಲ್ಲಿ ಕಾಲೇಜು ಓದುತ್ತಿದ್ದೆ. ರಜೆ ಹಾಕಿ ಬಂದೆ, ಅತ್ತೆಯೂ ಬಂದಳು. ನಡುಮನೆಯಲ್ಲೇ ಮಂಚ, ತಲೆಯ ಹತ್ತಿರ ಆ ಪೆಟ್ಟಿಗೆ. ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಗಂಜಿ ಆರಿಸುತ್ತಿದ್ದೆ. ಮಂಚದ ಪಕ್ಕ ಅತ್ತೆ ಒಬ್ಬಳೇ. ಟಿವಿ ಹಾಕಿರಲಿಲ್ಲ. ಎಷ್ಟೋ ದಿನದಿಂದ ಮಾತು ನಿಂತಿದ್ದ ಅವ್ವನ ದನಿ ಸ್ಪಷ್ಟವಾಗಿ ಕೇಳಿತು.

"ಆ ಉಪ್ಪಿನ ಗದ್ದೆ ಪಡದಾಗೆ ಆ ಹೆಣ್ಣು ಮನೇಗ್ ಬಂದ್ಲಾ ಮಗಾ?"

ಒಂದು ಗಳಿಗೆ ಬಿಟ್ಟು ಉತ್ತರ ಬಂತು. ಎಳೇ ದನಿ. "ಇಲ್ಲವ್ವ, ಸತ್ತೋದ್ಲು. ಆದ್ರೂ ಪಡ ಚೆಂದಾಗಿತ್ತು."

ನನಗೆ ಮೈಯೆಲ್ಲ ಉರಿದುಹೋಯಿತು. ಸಾಯುವ ತಾಯಿ ಕೊನೆಗೂ ಮನೆಮಾತಿನಲ್ಲಿ ಕೇಳಿದ್ದಾಳೆ, ಬಂದಳು ಎಂದು ಒಂದು ಸುಳ್ಳು ಹೇಳಿದ್ದರೆ ಅತ್ತೆಯ ಗಂಟೇನು ಹೋಗುತ್ತಿತ್ತು? ಅದೂ ಮಗುವಿನ ದನಿ ತೆಗೆದು! ಗಂಜಿ ತಂದಾಗ ಅವ್ವ ಕಣ್ಣು ಮುಚ್ಚಿ ಮಲಗಿದ್ದಳು, ಅತ್ತೆ ಅವಳ ಕೈ ಹಿಡಿದುಕೊಂಡು ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಹೊತ್ತು ಮುಳುಗುವ ಮುಂಚೆ ಅವ್ವ ಹೋದಳು. ಎಲ್ಲ ಕಾರ್ಯ ಮುಗಿಯುವವರೆಗೂ ನಾನು ಅತ್ತೆಯ ಜೊತೆ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ಅಪ್ಪ ತೇನಿಯಲ್ಲಿ ಮನೆ ಮಾಡಿದ. ಹಳೇ ಮನೆಯನ್ನು ಕೆಡವುವ ಮುಂಚೆ ಪೆಟ್ಟಿಗೆಯನ್ನು ಆಂಡಿಪಟ್ಟಿಗೆ ಒಯ್ಯಲು ಅತ್ತೆ ಬಂದಳು. ಖಾಲಿ ನಡುಮನೆಯಲ್ಲಿ ನಾವಿಬ್ಬರೇ. ಪೆಟ್ಟಿಗೆ ಕೆಳಗಿಳಿಸಿ ಹಗ್ಗ ಬಿಚ್ಚುತ್ತ ನಾನು ತಡೆಯಲಾರದೆ ಕೇಳಿಯೇಬಿಟ್ಟೆ. "ಆ ಹೊತ್ತಾಗಾದ್ರೂ ನೀನು ಬಂದ್ಲು ಅಂತ ಯೋಳ್ಬೋದಿತ್ತಲ್ಲ ಅತ್ತೆ?"

ಅತ್ತೆ ನನ್ನನ್ನು ನೋಡಿದಳು. "ನಿಂಗೂ ಕೇಳಿಸ್ತಾ?" ಅಂದಳು. ಆಮೇಲೆ ನೆಲದ ಮೇಲೆ ಕೂತುಬಿಟ್ಟಳು. "ಬಂದ್ಲವ್ವ, ಮನೇಗ್ ಬಂದ್ಲು ಅಂತ ಯೋಳಾಕೇ ಬಾಯ್ ತೆಗ್ದೆ ಕಣೇ. ನನ್ ಮಾತು ಆಚೆ ಬಂದೇ ಇಲ್ಲ. ಅವ್ಳೇ ಯೋಳ್ಬುಟ್ಲು."

ಹಗ್ಗ ನನ್ನ ಕೈಯಲ್ಲಿ ಹಾಗೇ ಇತ್ತು. ಪೆಟ್ಟಿಗೆ ಇಬ್ಬರ ನಡುವೆ ನೆಲದ ಮೇಲಿತ್ತು. ಅದನ್ನು ಮುಟ್ಟಲು ನನಗೆ ಧೈರ್ಯ ಬರಲಿಲ್ಲ.

"ಅವ್ವ ಕೇಳಿದ್ದೂ ಅವ್ಳನ್ನೇ," ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ನನ್ನಲ್ಲ. ಅದ್ಕೂ ಸಂಕಟವಾತು ನಂಗೆ, ಸುಳ್ಳ್ಯಾಕೆ? ಆಮ್ಯಾಕೆ, ನೀನು ಗಂಜಿ ಇಟ್ಟು ಒಳಗೋದ್ಮೇಲೆ, ನನ್ ಕಡೆ ತಿರುಗಿದ್ಲು. ಗುರ್ತು ಹಿಡುದ್ಲು, ನೆಟ್ಟಗೆ ಕಣ್ಣಾಗೆ ನೋಡಿದ್ಲು. ನೀರ್ ಕೊಡು ರಾಜಿ ಅಂದ್ಲು."

"ಹಂಗೇ ಅಂದ್ಲಾ?" ಅಂದೆ.

"ಹಂಗೇ ಅಂದ್ಲು. ತಣ್ಣಿ ಅನ್ನಿಲ್ಲ, ನೀರು ಅಂತ್ಲೇ ಅಂದ್ಲು."

ಆ ಮನೆಯಲ್ಲಿ ನಾನು ಕೇಳಿದ ಕೊನೆಯ ಮನೆಮಾತು ಅದು.